ಸರ್ಕಲ್ಲಿನ ಚಕ್ಕೋತ

ರಗಳೆ ಶುರುವಾದದ್ದು ಪಂಚಾಯಿತಿ ಅಧ್ಯಕ್ಷ ಆದಿನಾರಾಯಣಪ್ಪನವರ ಒಂದೇ ಮಾತಿನಿಂದ.

"ಹನ್ನೆರಡಡಿ ಇರ್ಲಿ ಮೇಷ್ಟ್ರೇ. ಏರ್‌ಪೋರ್ಟಿಗೆ ಇಳಿಯೋ ವಿಮಾನದವ್ರಿಗೂ ನಮ್ಮೂರ ಚಕ್ಕೋತ ಕಾಣಿಸ್ಬೇಕು."

ಡ್ರಾಯಿಂಗ್ ಮೇಷ್ಟ್ರು ಉಮಾಶಂಕರ್ ಬೆಚ್ಚಿಬಿದ್ದರು. ಇಪ್ಪತ್ತೆರಡು ವರ್ಷ ಮಕ್ಕಳ ಕೈಲಿ ಕೊಡ, ಮಾವಿನಕಾಯಿ ಬರೆಸಿ ಬೇಸತ್ತ ಜೀವ. ಆವತಿ ಪಕ್ಕದ, ಚಕ್ಕೋತಕ್ಕೆ ಹೆಸರಾದ ಅವರ ಹಳ್ಳಿಯ ಸರ್ಕಲ್ಲಿಗೆ ಸಿಮೆಂಟಿನ ಚಕ್ಕೋತ ಮಾಡುವ ಭಾಗ್ಯ ಈಗ ಒದಗಿತ್ತು. ಹಾಜರಿ ಪುಸ್ತಕ ಬಿಟ್ಟು ಎಲ್ಲೂ ಕಾಣದ ಅವರ ಹೆಸರು ಹತ್ತು ಜನ ಓಡಾಡುವ ಕಡೆ ಬರುವುದಿತ್ತು. ಅಂಥ ಹೊತ್ತಿನಲ್ಲಿ ಊರು ನಗುವಂಥದ್ದನ್ನು ಮಾಡಲು ಅವರು ಸುತರಾಂ ಸಿದ್ಧರಿರಲಿಲ್ಲ.

"ನಮ್ ಸರ್ಕಲ್ಲು ಅಂಗೈಯಗಲ ಐತೆ ಸಾರ್. ಜಾಗಕ್ಕೆ ತಕ್ಕ ಅಳತೆ ಐದೇ ಅಡಿ. ಬಿದಿರಲ್ಲಿ ಕಟ್ಟಿ ತೋರಿಸ್ತೀನಿ, ಊರೇ ನೋಡಿ ಹೇಳ್ಲಿ. ಹೇಳಿದ್ಮೇಲೆ ಎಲ್ರೂ ಸೈನ್ ಹಾಕ್ಬೇಕು!"

ಅಧ್ಯಕ್ಷರು ಏನೋ ಹೇಳಲು ಬಾಯಿ ತೆರೆದು, "ಆಗ್ಲಿ, ನಿಮ್ಮಿಷ್ಟ," ಎಂದುಬಿಟ್ಟರು.

ಸರ್ಕಲ್ಲಿನಲ್ಲೇ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ರಹೀಮ್ ಬಿದಿರು ಬಗ್ಗಿಸಿಕೊಟ್ಟ. ಮೇಲೆ ಹಸಿರು ಬಲೆ ಸುತ್ತಿ, ಮೊದಲು ಅಧ್ಯಕ್ಷರ ಹನ್ನೆರಡಡಿಯನ್ನೇ ನಿಲ್ಲಿಸಿದರು. ಹತ್ತು ಗಂಟೆಯ ಬಸ್ಸು ತಿರುಗಲಾರದೆ ಅಡ್ಡಡ್ಡ ನಿಂತಿತು.

"ಯಾವನಪ್ಪಾ ರೋಡಲ್ಲಿ ಗುಡಾಣ ಇಟ್ಟಿರೋನು?" ಎಂದು ಡ್ರೈವರ್ ಕೂಗಿದ.

ಹೂವಿನಂಗಡಿಯ ಮುನಿತಾಯಮ್ಮ ಹಣ್ಣಿನ ಹಿಂದೆ ಮಾಯವಾಗಿದ್ದಳು. ದನಿ ಮಾತ್ರ ಬರುತ್ತಿತ್ತು. "ಮೇಷ್ಟ್ರೇ, ನನ್ ವ್ಯಾಪಾರಕ್ಕೆ ಮಣ್ಣಾಕ್ಬಿಟ್ರಲ್ಲ!"

"ನಾನೂ ಅದನ್ನೇ ಅಲ್ವೇನಮ್ಮ ಹೇಳ್ತಿರೋದು!" ಎಂದು ಮೇಷ್ಟ್ರು ಹಿಗ್ಗುವಷ್ಟರಲ್ಲಿ ಗಾಳಿ ಎದ್ದಿತು. ಚಕ್ಕೋತ ಉರುಳುತ್ತ ಕೊಂಡಪ್ಪನ ರಾಗಿ ಹೊಲಕ್ಕೆ ನುಗ್ಗಿತು. ಮೇಷ್ಟ್ರು ಅಟ್ಟಿಸಿಕೊಂಡು ಹೋಗಿ ತಬ್ಬಿ ಹಿಡಿದು, ಅದರ ಜೊತೆ ತಾವೂ ಎರಡು ಸುತ್ತು ಉರುಳಿದರು. ಕೊಂಡಪ್ಪನ ಬೈಗುಳವೆಲ್ಲ ಕೇಳಿಸಿಕೊಂಡು ಎದ್ದಾಗ ಕಾಲಲ್ಲಿ ಒಂದೇ ಚಪ್ಪಲಿ.

"ಬಿಟ್ಟಾಕಿ ಮೇಷ್ಟ್ರೇ," ಎಂದ ರಹೀಮ್. "ಯಾಕ್ ಬೇಕು ಈ ಪರೇಶಾನಿ?"

"ಬಿಡೋ ಮಾತೇ ಇಲ್ಲ. ಕಟ್ಟು ಐದಡಿ!"

ಮಧ್ಯಾಹ್ನದ ಹೊತ್ತಿಗೆ ಐದಡಿಯ ಹಣ್ಣು ನಿಂತಿತು. ಮುನಿತಾಯಮ್ಮನನ್ನು ಪಕ್ಕಕ್ಕೆ ನಿಲ್ಲಿಸಿದರು. ಇಬ್ಬರೂ ಒಂದೇ ಎತ್ತರ. ಬಸ್ ಸ್ಟಾಪಿನಿಂದ ನೋಡಿದರೂ ಚೆಂದ, ಅರಳಿಕಟ್ಟೆಯಿಂದ ನೋಡಿದರೂ ಚೆಂದ. ಬಸ್ಸು ಸಲೀಸಾಗಿ ತಿರುಗಿತು. ಬೈಯುತ್ತ ಬಂದಿದ್ದ ಕೊಂಡಪ್ಪನೂ, "ಮುಟ್ಟಿ ನೋಡೋಣ ಅನ್ನುಸ್ತದೆ ಕಣ್ರೀ," ಎಂದ. ಮೇಷ್ಟ್ರ ಕಣ್ಣು ತುಂಬಿ ಬಂತು. ಬಿಸಿ ಆರುವ ಮೊದಲೇ ಒಬ್ಬೊಬ್ಬರ ಕೈಗೂ ಪೆನ್ನು ಕೊಟ್ಟು ಸಹಿ ಹಾಕಿಸಿದರು. ಅಧ್ಯಕ್ಷರು ಕೊನೆಯವರಾಗಿ ನಿಟ್ಟುಸಿರು ಬಿಟ್ಟು ಸಹಿ ಮಾಡಿದರು.

ಸಂಜೆ ನಾಲ್ಕಕ್ಕೆ ಒಂದು ಲಾರಿ, ಅದರ ಹಿಂದೆ ಒಂದು ಕ್ರೇನು ಬಂದವು. ಲಾರಿಯಲ್ಲಿ ಹದಿನೆಂಟಡಿಯ ಕಲ್ಲಿನ ಕಂಬ ಮಲಗಿತ್ತು.

"ಇದೇನ್ ಸಾರ್?"

"ಹೆಸರಿನ ಕಂಬ. ಹೋದ್ವಾರಾನೇ ಕೆತ್ತಿಸ್ಬಿಟ್ಟೆ," ಎಂದರು ಅಧ್ಯಕ್ಷರು. "ಹಾಲಿ ಮೆಂಬರು, ಮಾಜಿ ಮೆಂಬರು, ಸಂಘದೋರು, ಎಲ್ಲಾ ಸೇರಿ ನೂರಾ ಹನ್ನೊಂದು ಹೆಸರು. ಒಂದ್ ಬಿಟ್ರೂ ಊರಲ್ಲಿ ಇರೋಕಾಗಲ್ಲ. ಹಣ್ಣು ಇದರ ನೆತ್ತಿ ಮೇಲೆ ಕೂರೋದು."

"ಮೇಲಾ?"

"ಮತ್ತೆ? ಕಂಬಕ್ಕೆ ತಕ್ಕಂಗಿರ್ಲಿ ಅಂತಾನೇ ಹನ್ನೆರಡಡಿ ಅಂದಿದ್ದು. ಅಷ್ಟೆತ್ತರದಲ್ಲಿದ್ರೆ ಬಸ್ಸಿಗೂ ಅಡ್ಡ ಇಲ್ಲ, ಮುನಿತಾಯಮ್ಮಂಗೂ ಅಡ್ಡ ಇಲ್ಲ. ನಿಮ್ಮ ಹೆಸರೂ ಕೆತ್ತಿಸಿದ್ದೆ, ನೋಡಿ ಖುಷಿಪಡ್ಲಿ ಅಂತ ಬಾಯ್ಬಿಡ್ಲಿಲ್ಲ."

ಮೇಷ್ಟ್ರು ಮಲಗಿದ್ದ ಕಂಬವನ್ನು ಬುಡದಿಂದ ತುದಿಯವರೆಗೆ ನೋಡಿದರು. "ಹಂಗಾದ್ರೆ... ಹನ್ನೆರಡೇ ಮಾಡೋಣ ಸಾರ್."

"ಎಲ್ಲಾದ್ರೂ ಉಂಟಾ? ಊರೆಲ್ಲಾ ಸೈನ್ ಹಾಕೈತೆ. ನೀವೇ ಹಾಕ್ಸಿದ್ದು!"

ಕ್ರೇನು ಕಂಬ ನಿಲ್ಲಿಸಿತು. ಸಿಮೆಂಟಿನದು ಆಗುವ ತನಕ ಇರಲೆಂದು ರಹೀಮ್ ಐದಡಿಯ ಬಿದಿರಿನ ಚಕ್ಕೋತವನ್ನೇ ತುದಿಗೇರಿಸಿ ಬಿಗಿದ. ಆರು ಗಂಟೆಗೆ ಬೆಳಗಿನ ಅದೇ ಬಸ್ಸು ಬಂತು. ಡ್ರೈವರ್ ಕತ್ತೆತ್ತಿ ನೋಡಿದ.

"ಏನಮ್ಮಾ, ಕಂಬದ ಮೇಲೆ ನಿಂಬೆಹಣ್ಣು ಇಟ್ಟವ್ರೆ?"

"ದೃಷ್ಟಿ ಆಗ್ದಿರ್ಲಿ ಅಂತ ಇರ್ಬೇಕು ಕಣಪ್ಪಾ," ಎಂದಳು ಹೂ ಕಟ್ಟುತ್ತಿದ್ದ ಮುನಿತಾಯಮ್ಮ.

"ಯಾರ್ ಮಾಡಿದ್ದು?"

ಕೇಳಬೇಕಾಗಿರಲಿಲ್ಲ. 'ಶಿಲ್ಪಿ: ಉಮಾಶಂಕರ್' ಎಂದು ಸರಿಯಾಗಿ ಅವನ ಕಣ್ಣಿನ ಮಟ್ಟಕ್ಕೆ, ಅಂಗೈಯಗಲದ ಅಕ್ಷರಗಳಲ್ಲಿ ಕೆತ್ತಲಾಗಿತ್ತು.