ಮೆಕ್ಸಿಕೋದವರ ಮೈಸೂರು ಕನ್ನಡ

ಮೆಕ್ಸಿಕೋದವರ ಬಾಯಲ್ಲಿ ಅಚ್ಚ ಮೈಸೂರು ಕನ್ನಡ ಆಡಿಸಿದವರು ಈ ಭೂಮಂಡಲದಲ್ಲಿ ಒಬ್ಬರೇ, ನಮ್ಮ ದೊಡ್ಡಮ್ಮ! ಅವರು ಮೆಕ್ಸಿಕೋ ನೋಡಿಲ್ಲ, ಅದು ಭೂಪಟದಲ್ಲಿ ಎಲ್ಲಿದೆ ಎಂದೂ ಗೊತ್ತಿಲ್ಲ. ಅದಕ್ಕೇನಂತೆ? ನೈರೋಬಿಯ ಕರೆನ್ ಬಡಾವಣೆಯಲ್ಲಿ ಮಗನ ಮನೆಯ ಸೋಫಾದ ಮೇಲೆ ಕಾಲು ಮಡಚಿ ಕೂತೇ ಈ ಸಾಧನೆ ಮಾಡಿದ್ದಾರೆ.

ಆದದ್ದು ಇಷ್ಟು. ಇಲ್ಲೇ ಹುಟ್ಟಿದ ಆರು ವರ್ಷದ ಮೊಮ್ಮಗಳು ಪುಟ್ಟಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಹಾಲು ಕುಡೀತೀಯಾ ಕಂದಾ?" ಎಂದರೆ "ನಾಟ್ ನೌ, ಅಜ್ಜಿ." ದೊಡ್ಡಮ್ಮನ ಇಂಗ್ಲಿಷೋ, ಯೆಸ್, ನೋ, ಥ್ಯಾಂಕ್ಯೂಗಳಲ್ಲಿ ಮುಗಿಯುತ್ತದೆ. ಒಂದು ಶನಿವಾರ ಇಂಡಸ್ಟ್ರಿಯಲ್ ಏರಿಯಾದ ಜಾಮ್ ದಾಟಿ ನಾನು ಹೋದಾಗ ಸುಕುಮಾ ಸೊಪ್ಪು ಬಿಡಿಸುತ್ತಾ ಹೇಳಿದರು, "ಇವಳು ದೊಡ್ಡೋಳಾದ್ಮೇಲೆ ನಾವಿಬ್ರೂ ಒಂದೇ ಮನೇಲಿ ಹಲೋ, ಬೈ ಹೇಳ್ಕೊಂಡು ಇರ್ಬೇಕೇನೋ. ನಂಗೆ ಭಯ ಆಗತ್ತೆ ಕಣೋ."

ಭಯವಾದರೆ ಸುಮ್ಮನೆ ಕೂರುವ ಪೈಕಿಯೇ ಅವರು? ಮೊದಲು ಫೋನಿನಲ್ಲಿ ಕನ್ನಡ ಧಾರಾವಾಹಿ ತೋರಿಸಿದರು. "ದೇ ಆರ್ ಜಸ್ಟ್ ಸ್ಟೇರಿಂಗ್, ಅಜ್ಜಿ!" ಎಂದು ಪುಟ್ಟಿ ಎದ್ದು ಹೋದಳು. ಅವಳಿಗೆ ಬೇಕಾದದ್ದು ಇಲ್ಲಿನ ಟಿವಿಯಲ್ಲಿ ಸಂಜೆ ಇಂಗ್ಲಿಷಿಗೆ ಡಬ್ ಆಗಿ ಬರುವ ಮೆಕ್ಸಿಕೋ ಧಾರಾವಾಹಿ. ಕಾರಣ? ಅದರಲ್ಲಿ ಕುದುರೆಗಳಿವೆ!

ಮರುದಿನವೇ ದೊಡ್ಡಮ್ಮ ಟಿವಿಯ ಧ್ವನಿ ಬಂದ್ ಮಾಡಿ, ರಿಮೋಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಈ ಟಿವಿಗೆ ನೆಗಡಿ ಆಗಿದೆ ಪುಟ್ಟೀ. ಇವರೆಲ್ಲ ನಿಜವಾಗಿ ಮಾತಾಡೋದು ಕನ್ನಡಾನೇ, ಇಂಗ್ಲಿಷು ಆಮೇಲೆ ಅಂಟಿಸಿದ್ದು. ತುಟಿ ನೋಡ್ಕೊಂಡು ನಾನು ಹೇಳ್ತೀನಿ ಕೇಳು." ಮಗ ವಾರ್ತೆ ಹಾಕಿದ ಕೂಡಲೇ ನೆಗಡಿ ಬಿಡುವ ಟಿವಿಯನ್ನು ನಾನು ನೋಡಿದ್ದು ಅದೇ ಮೊದಲು!

ಆಮೇಲೆ ಶುರುವಾಯಿತು ನೋಡಿ. ಚರ್ಚಿನಲ್ಲಿ ಮದುವೆಯಾದರೆ ಪಾದ್ರಿಯ ಬಾಯಲ್ಲಿ "ಗಟ್ಟಿಮೇಳ! ಗಟ್ಟಿಮೇಳ!" ವೈನ್ ಲೋಟ ಎತ್ತಿದವರೆಲ್ಲ ಕುಡಿದದ್ದು ದಾಳಿಂಬೆ ಪಾನಕ. ಸಿರಿವಂತ ಅತ್ತೆ ಸೊಸೆಯನ್ನು ತರಾಟೆಗೆ ತೆಗೆದುಕೊಂಡದ್ದು "ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ಹಾಕಿದೋಳು ನೀನೇ ತಾನೆ!" ಎಂದು. ನಾಯಕ ನಾಯಕಿಗೆ ಮುತ್ತಿಡಲು ಬಗ್ಗಿದಾಗ ನಾನು ಉಸಿರು ಬಿಗಿಹಿಡಿದೆ. ದೊಡ್ಡಮ್ಮ ಜಗ್ಗಲಿಲ್ಲ.

"ಅಯ್ಯೋ, ಕಣ್ಣಿಗೆ ಕಸ ಬಿತ್ತಾ? ತಾಳು, ಊದ್ತೀನಿ."

"ಅಜ್ಜಿ, ದಿನಾ ಕಸ ಬೀಳತ್ತಾ?" ಎಂದಳು ಪುಟ್ಟಿ.

"ಕುದುರೆ ಓಡೋ ಊರು, ಧೂಳಿರಲ್ವೇನೇ?"

ಗಮನಿಸಿದಿರಾ? ಪುಟ್ಟಿ ಕೇಳಿದ್ದು ಕನ್ನಡದಲ್ಲಿ!

ಹೀಗೇ ನಡೆಯುತ್ತಿತ್ತೋ ಏನೋ, ಅಷ್ಟರಲ್ಲಿ ಪುಟ್ಟಿಯ ತರಗತಿಗೆ ಸಾಕ್ಷಾತ್ ಮೆಕ್ಸಿಕೋದಿಂದಲೇ ಒಬ್ಬ ಹುಡುಗಿ ಬಂದು ಸೇರಿದಳು. ಪುಟ್ಟಿ ಓಡಿಹೋಗಿ "ನಿಮ್ಮನೇಲಿ ಎಷ್ಟು ಕುದುರೆ ಇದೆ?" ಎಂದು ಕೇಳಿದಳಂತೆ. ಆ ಹುಡುಗಿ ಪಿಳಿಪಿಳಿ ಕಣ್ಣು ಬಿಟ್ಟಳು. ಕಿವಿ ಮಂದವೇನೋ ಎಂದು ಪುಟ್ಟಿ ಇನ್ನೂ ಜೋರಾಗಿ ಕೇಳಿದಳು. ಸಂಜೆ ಮೂತಿ ಊದಿಸಿಕೊಂಡು ಮನೆಗೆ ಬಂದವಳೇ ತೀರ್ಪು ಕೊಟ್ಟಳು, "ಅಜ್ಜೀ, ಅವಳಿಗೆ ಕನ್ನಡಾನೇ ಬರಲ್ಲ! ಶೀ ಈಸ್ ಎ ಫೇಕ್ ಮೆಕ್ಸಿಕನ್!"

ಆ ದಿನ ನಾನೂ ಅಲ್ಲೇ ಇದ್ದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ದೊಡ್ಡಮ್ಮನ ಸೊಸೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಜ ಹೇಳಲೇಬೇಕಾಯಿತು. ಮೆಕ್ಸಿಕೋದವರ ಭಾಷೆ ಸ್ಪ್ಯಾನಿಷ್, ಟಿವಿಯಲ್ಲಿ ಬರುವುದು ಇಂಗ್ಲಿಷ್, ಕನ್ನಡವೆಲ್ಲ ಅಜ್ಜಿಯದೇ ಬಾಯಿಚಳಕ. ದೊಡ್ಡಮ್ಮ ಸೊಂಟದಿಂದ ರಿಮೋಟ್ ತೆಗೆದು ಮೊಮ್ಮಗಳ ಕೈಗೆ ಕೊಟ್ಟರು. ಅವರ ಮುಖ ಅಷ್ಟು ಸಪ್ಪಗಾದದ್ದನ್ನು ನಾನು ಎಂದೂ ನೋಡಿರಲಿಲ್ಲ. ಇನ್ನು ಈ ಮನೆಯಲ್ಲಿ ಹಲೋ, ಬೈಗಳೇ ಗತಿ ಎಂದು ನನಗೂ ಸಂಕಟವಾಯಿತು.

ಪುಟ್ಟಿ ಧ್ವನಿ ಹಾಕಿದಳು. ನಾಯಕಿ ತಾಯಿಯ ಹಾಸಿಗೆಯ ಪಕ್ಕ ಕೂತು ಇಂಗ್ಲಿಷಿನಲ್ಲಿ ಅಳುತ್ತಿದ್ದಳು. ಮಗು ಸ್ವಲ್ಪ ಹೊತ್ತು ಕೇಳಿತು, ಮೂಗು ಮುರಿಯಿತು, ತಾನೇ ಧ್ವನಿ ಬಂದ್ ಮಾಡಿತು.

"ಇದು ಚೆನ್ನಾಗಿಲ್ಲ. ಅಜ್ಜಿ, ನೀನು ಹೇಳು."

ಅಷ್ಟೊಂದು ಜನರ ಪರವಾಗಿ ಮಾತಾಡಿದ ದೊಡ್ಡಮ್ಮನಿಗೆ ತಮ್ಮದೇ ಒಂದು ಮಾತು ಸಿಗಲಿಲ್ಲ, ಕಣ್ಣು ಮಾತ್ರ ತುಂಬಿ ಬಂತು. ತೆರೆಯ ಮೇಲೆ ನಾಯಕಿಯ ತುಟಿಗಳು ಆಡುತ್ತಲೇ ಇದ್ದವು. ಪುಟ್ಟಿ ಅಜ್ಜಿಯ ಸೆರಗು ಹಿಡಿದು ಹತ್ತಿರ ಸರಿದಳು. ಟಿವಿಯ ಕಡೆ ತಿರುಗದೆಯೇ ನಾಯಕಿಯ ಮಾತನ್ನು ತಾನೇ ಹೇಳಿದಳು:

"ಅಳ್ಬೇಡ. ನಾನು ನಿನ್ ಹತ್ರ ಮಾತಾಡ್ತೀನಲ್ಲ."