ಪಂಚರಾ?

ನಿಧಾನವಾಗಿ ಸೈಕಲ್ ತುಳಿಯುವವಳಿಗೆ ನಮ್ಮೂರಲ್ಲಿ ಮರ್ಯಾದೆ ಇಲ್ಲ. ಅನುಕಂಪ ಮಾತ್ರ ಧಾರಾಳ. ಕುಂಭಾಶಿಯಿಂದ ಕುಂದಾಪುರದ ಗೇರುಬೀಜ ಕಾರ್ಖಾನೆಯ ಆಫೀಸಿಗೆ ನಾನು ಒಳದಾರಿಯಲ್ಲಿ ಹೋಗುತ್ತೇನೆ. ಬೈಕು ನಿಲ್ಲಿಸಿ "ಹ್ವಾಯ್, ಎಂತಾಯ್ತ್? ಪಂಚರಾ?" ಎಂದು ಕೇಳುವವರ ಲೆಕ್ಕವನ್ನು ದಿನಾ ರಾತ್ರಿ ಡೈರಿಯಲ್ಲಿ ಬರೆದಿಡುತ್ತೇನೆ. ಕಳೆದ ತಿಂಗಳು ಹದಿನೇಳು ಮಂದಿ. ಪಂಚರಲ್ಲ, ನನಗೆ ಹೀಗೇ ಇಷ್ಟ ಎಂದರೆ ಇನ್ನಷ್ಟು ಕನಿಕರದಿಂದ ನೋಡುತ್ತಾರೆ. ನೋಡಲಿ. ಯಾರ ಬೇಲಿಯ ದಾಸವಾಳ ಅರಳಿದೆ, ಯಾರ ಮನೆಯಲ್ಲಿ ದೋಸೆ ಸೀದಿದೆ ಎಂಬುದೆಲ್ಲ ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು.

ಅಮ್ಮನಿಗೆ ಮಾತ್ರ ನಾಚಿಕೆ. "ಎಂತ ಹೆಣೆ, ಕಂಡವ್ರ್ ಎಂತ ಹೇಳ್ತ್ರ್? ಒಂದ್ ಸ್ಕೂಟಿ ತಕಂಬುಕಾತಿಲ್ಯಾ?" ಅಪ್ಪನದ್ದು ಇನ್ನೊಂದು ಬಗೆ. ಮುಂಬೈ ಹೋಟೆಲಿನಲ್ಲಿ ಟೇಬಲಿಂದ ಟೇಬಲಿಗೆ ಓಡಿಯೇ ಆಯುಷ್ಯ ಕಳೆದವರು. ನಿಧಾನ ಎಂದರೆ ಅವರ ಪಾಲಿಗೆ ಗಿರಾಕಿ ಎದ್ದು ಹೋದಂತೆ. ಒಂದು ಭಾನುವಾರ ತೀರ್ಪು ಕೊಟ್ಟೇಬಿಟ್ಟರು: "ಅಮ್ಮ ಮಸಾಲಿ ಕಡುದ್ರೊಳಗೆ ಮೀನ್ ಬರ್ಕ್. ಇಲ್ದಿರೆ ಸೈಕಲ್ ಗುಜರಿಗೆ." ನನ್ನ ಮೇಲೆ ನಂಬಿಕೆ ಇಲ್ಲದೆ ಅಣ್ಣನನ್ನೂ ಬೈಕಿನಲ್ಲಿ ಪೇಟೆಗೆ ಅಟ್ಟಿದರು.

ಅಣ್ಣ ಬುರ್ರೆಂದು ಹೋದ. ನಾನು ಹಟಕ್ಕೆ ಇನ್ನೂ ನಿಧಾನವಾಗಿ ತುಳಿದೆ. ಸೋತರೂ ನನ್ನ ಗತಿಯಲ್ಲೇ ಸೋಲಬೇಕು. ಹೊಳೆ ಬದಿಯ ತಿರುವಿನಲ್ಲಿ, ಬುಟ್ಟಿ ತಲೆಗೇರಿಸುತ್ತಿದ್ದ ಮೀನಿನ ಅಕ್ಕ ಕೂಗಿದರು: "ಹ್ವಾಯ್ ಹೆಣೆ, ನಿಲ್ಲ್! ಕಾಣೆ ಮೀನ್ ಇತ್ತ್, ಈಗಷ್ಟೇ ದೋಣಿಯಿಂದ ಇಳ್ದದ್. ನಿನ್ನಣ್ಣನ್ನೂ ಕರ್ದೆ. ಬೈಕಿನ್ ಗಲಾಟಿಯಗೆ ಅವಂಗೆಲ್ಲಿ ಕೇಂತ್?"

ಅಮ್ಮ ಇನ್ನೂ ತೆಂಗಿನಕಾಯಿ ತುರಿಯುತ್ತಿದ್ದಾಗಲೇ ಕಾಣೆ ಅಂಗಳಕ್ಕೆ ಬಂತು. ಬಹಳ ಹೊತ್ತಿನ ಮೇಲೆ ಪೇಟೆಯ ಗರ್ದಿಯಿಂದ ಬಿಡಿಸಿಕೊಂಡು ಅಣ್ಣ ತಂದದ್ದು ಮೆತ್ತಗಾದ ಬಂಗುಡೆ. ಅಪ್ಪ ಮೀನಿನ ಕಿವಿರು ಎತ್ತಿ ನೋಡಿದರು, ಸೈಕಲನ್ನೂ ನೋಡಿದರು.

ಸೈಕಲ್ ಉಳಿಯಿತು. ಆದರೆ ಮುಂದಿನ ಭಾನುವಾರ ಎದ್ದು ನೋಡಿದರೆ ಜಾಗದಲ್ಲಿ ಇಲ್ಲ. ಮೀನು ತರಲು ಅಪ್ಪನೇ ತುಳಿದುಕೊಂಡು ಹೋಗಿದ್ದರು. ಅಮ್ಮನ ಮಸಾಲೆ ಕಡೆದಾಯಿತು, ಒಲೆ ಉರಿದು ಆರಿತು. ನಾನು ಹಸಿದು ಬೇಲಿಬಾಗಿಲ ದಣಪೆಯ ಹತ್ತಿರ ಅತ್ತಿಂದಿತ್ತ ಓಡಾಡತೊಡಗಿದೆ. ಕೊನೆಗೆ ದೂರದ ತಿರುವಿನಲ್ಲಿ ಅಪ್ಪ ಕಾಣಿಸಿದರು. ಬೇಲಿ ಬೇಲಿಗೂ ಕತ್ತು ತಿರುಗಿಸುತ್ತ, ಕಂಡವರಿಗೆಲ್ಲ ಬೆಲ್ಲು ಹೊಡೆಯುತ್ತ, ಮದುವೆ ದಿಬ್ಬಣದ ಹಾಗೆ ಬರುತ್ತಿದ್ದಾರೆ. ತಡೆಯಲಾಗಲಿಲ್ಲ. ಊರಿಗೇ ಕೇಳುವಂತೆ ಕೂಗಿದೆ:

"ಎಂತಾಯ್ತ್ ಅಪ್ಪಾ? ಪಂಚರಾ?"

ಆ ರಾತ್ರಿ ಡೈರಿಯ ಲೆಕ್ಕಕ್ಕೆ ನನ್ನನ್ನೂ ಸೇರಿಸಬೇಕಾಯಿತು.