ಗಾಜಪ್ಪನವರಿಗೆ ಗೊತ್ತಿಲ್ಲದ ದೊಡ್ಡಮ್ಮ

ಕೆಲಸ ಕಳೆದುಕೊಂಡ ಗಂಡಸು ಮನೆಯಲ್ಲಿ ಎಲ್ಲಿ ಕುಳಿತರೂ ಅಡ್ಡವೇ. ಸೋಫಾದ ಮೇಲೆ ಕುಳಿತರೆ ಹೆಂಡತಿಗೆ ಅಲ್ಲೇ ಕಸ ಗುಡಿಸಬೇಕಾಗುತ್ತದೆ. ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಅವಳ ಕೈಯ ಬಿಸಿ ಪಾತ್ರೆಗೆ ದಾರಿಯಿರುವುದಿಲ್ಲ. ಬಾಲ್ಕನಿಗೆ ಹೋದರೆ ಎದುರು ಮನೆಯವರು "ಇವತ್ತೂ ರಜವೇ?" ಎನ್ನುತ್ತಾರೆ. ನಮ್ಮ ಗಾಜಪ್ಪನವರು ಈ ಎಲ್ಲ ಪೀಠಗಳನ್ನೂ ಅಲಂಕರಿಸಿ, ಎಲ್ಲದರಿಂದಲೂ ಪದಚ್ಯುತರಾಗಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ನೆಲೆಸಿದ್ದರು.

ಗಾಜಪ್ಪ ಎಂಬುದು ಹುಟ್ಟು ಹೆಸರಲ್ಲ, ಬೀದಿಯವರು ಕೊಟ್ಟ ಬಿರುದು. ಗಾಜಿನ ಸಾಮಾನಿನ ಉಗ್ರಾಣವೊಂದರಲ್ಲಿ ಮೇಲ್ವಿಚಾರಕರಾಗಿ ಅರ್ಧ ಆಯುಷ್ಯ ಸವೆಸಿದವರು ಅವರು. ಕೂಸನ್ನು ಎತ್ತಿಕೊಳ್ಳುವಾಗಲೂ ಮೇಲುಗಡೆ ಯಾವುದು, ಕೆಳಗಡೆ ಯಾವುದು ಎಂದು ಒಮ್ಮೆ ನೋಡಿಕೊಳ್ಳುತ್ತಿದ್ದರು. ಆ ಉಗ್ರಾಣಕ್ಕೆ ಬೀಗ ಬಿತ್ತು. ಹೆಂಡತಿ ಹೊಲಿಗೆ ಯಂತ್ರ ತುಳಿದು ಮನೆ ನಡೆಸುತ್ತಿದ್ದಳು. ಆ ಯಂತ್ರದ ಸದ್ದು ಕೇಳಿದಾಗಲೆಲ್ಲ ಗಾಜಪ್ಪನವರ ತಲೆ ಒಂದಿಷ್ಟು ಕೆಳಗಿಳಿಯುತ್ತಿತ್ತು.

ಉಪಾಯ ತಂದವನು ಮೊಬೈಲ್ ಅಂಗಡಿಯಲ್ಲಿದ್ದ ಭಾವಮೈದುನ.

"ಈಗ ಅರ್ಜಿ ಯಾರು ಓದ್ತಾರೆ ಭಾವ? ಫೋನಲ್ಲಿ ನಿಮ್ಮದೊಂದು ಪುಟ ಇರಬೇಕು. ಅದನ್ನ ನೋಡಿ ಅವರೇ ಕರೀತಾರೆ."

"ನನ್ನ ಮುಖ ನೋಡಿ ಯಾರಪ್ಪ ಕರೀತಾರೆ?"

"ಕರೆಯಲ್ಲ ಅಂತ್ಲೇ ಕೋಟು ತಂದಿದ್ದೀನಿ."

ಆ ಕೋಟಿನ ತೋಳು ಗಾಜಪ್ಪನವರ ಬೆರಳ ತುದಿಯನ್ನೂ ದಾಟಿ ಹೋಗುತ್ತಿದ್ದುದರಿಂದ ಭಾವಚಿತ್ರವನ್ನು ಎದೆಯ ಮಟ್ಟಕ್ಕೆ ಕತ್ತರಿಸಬೇಕಾಯಿತು. ಅದರ ಕೆಳಗೆ ಗಾಜಪ್ಪನವರು ತಾವೇ ಬರೆದರು: 'ಭಂಗುರ ಸರಕು ಸಂರಕ್ಷಣಾ ಕ್ಷೇತ್ರದ ದೂರದರ್ಶಿ ನಾಯಕ.' ಹೆಂಡತಿ ಓದಿ, "ಯಾರ್ರೀ ಇವರು?" ಎಂದು ಕೇಳಿದಳು.

"ಇನ್ನು ನಾಲ್ಕು ಜನ ನಿಮ್ಮ ಬಗ್ಗೆ ಒಳ್ಳೆ ಮಾತು ಬರೀಬೇಕು ಭಾವ. ಅದೇ ಮುಖ್ಯ," ಎಂದು ಹೇಳಿ ಭಾವಮೈದುನ ಪ್ರವಾಸಕ್ಕೆ ಹೊರಟುಹೋದ.

ಹಳೆಯ ಸಹೋದ್ಯೋಗಿಗಳನ್ನು ಕೇಳಿದರೆ ಅವರೆಲ್ಲ, "ಮೊದಲು ನೀವು ನಮ್ಮ ಬಗ್ಗೆ ಬರೀರಿ," ಎಂದರು. (ಅವರಿಗೂ ಅದೇ ಗತಿಯಾಗಿತ್ತಲ್ಲ.) ಬೇರೆ ದಾರಿ ಕಾಣದೆ ಗಾಜಪ್ಪನವರು ಬಂಧುಬಳಗದ ವಾಟ್ಸಾಪ್ ಗುಂಪಿನಲ್ಲಿ ಬೇಡಿಕೊಂಡರು: 'ದಯವಿಟ್ಟು ಎಲ್ಲರೂ ನನ್ನ ಪುಟದಲ್ಲಿ ನಾಲ್ಕು ಒಳ್ಳೆಯ ಮಾತು ಬರೆಯಿರಿ.'

ಬಂಧುಗಳು ಬಹಳ ಒಳ್ಳೆಯವರು, ಅಂದೇ ಬರೆದರು. ಆದರೆ ಹುಡುಗನ ಬಗ್ಗೆ ನಾಲ್ಕು ಒಳ್ಳೆಯ ಮಾತು ಎಂದರೆ ಅವರಿಗೆ ಗೊತ್ತಿದ್ದದ್ದು ಒಂದೇ ಸಂದರ್ಭ, ಹೆಣ್ಣು ಕೇಳುವ ಸಂದರ್ಭ. 'ಆಸ್ತಿ ಹೆಚ್ಚಿಲ್ಲ, ಗುಣ ಇದೆ,' ಎಂದು ಸೋದರಮಾವ ಬರೆದರು. 'ಕೂದಲು ಸ್ವಲ್ಪ ಕಡಿಮೆ, ಆದರೆ ಅತ್ತೆ ಮಾವನನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ,' ಎಂದು ಅತ್ತಿಗೆ ಬರೆದರು. ಎಲ್ಲರನ್ನೂ ಮೀರಿಸಿದವರು ದೊಡ್ಡಮ್ಮ. ತಾಯಿಯಿಲ್ಲದ ಗಾಜಪ್ಪನವರನ್ನು ಸಾಕಿ ಬೆಳೆಸಿದವರು ಅವರು. ಅಕ್ಷರ ಒತ್ತಲು ಕಣ್ಣು ಸಾಲದೆ ಪಕ್ಕದ ಮನೆಯವಳಿಗೆ ಹೇಳಿ ಬರೆಸಿದ್ದರು:

'ನಮ್ಮ ಹುಡುಗ ಬಂಗಾರ. ಕುಡಿಯಲ್ಲ, ಸೇದಲ್ಲ. ಏಳನೇ ಕ್ಲಾಸಿನ ತನಕ ಕತ್ತಲೆ ಕಂಡರೆ ಅಳುತ್ತಿದ್ದ, ಈಗ ಪರವಾಗಿಲ್ಲ. ಹೆಂಡತಿಯನ್ನು ಕೇಳದೆ ಒಂದು ಕರವಸ್ತ್ರವನ್ನೂ ಕೊಳ್ಳಲ್ಲ. ನಮ್ಮ ಮನೆಯ ಗಾಜಿನ ಲೋಟ ಎಲ್ಲ ಅವನೇ ತೊಳೆಯುತ್ತಿದ್ದ, ಒಂದೂ ಒಡೆದಿಲ್ಲ. ಒಡೆದವಳು ನಾನು. ದೊಡ್ಡಪ್ಪ ನನಗೆ ಬೈಯುತ್ತಾರೆ ಅಂತ ತಾನೇ ಒಡೆದೆ ಅಂದ. ಹೆಚ್ಚಿನ ವಿಚಾರಣೆಗೆ ಈ ನಂಬರಿಗೆ ಫೋನ್ ಮಾಡಿ. ಮಧ್ಯಾಹ್ನ ಬೇಡ, ಮಲಗಿರುತ್ತೇನೆ.'

ಅದೇ ದಿನ ಲೋಟ ತಟ್ಟೆಗಳ ದೊಡ್ಡ ಸಂಸ್ಥೆಯೊಂದು ಗಾಜಪ್ಪನವರನ್ನು ಸಂದರ್ಶನಕ್ಕೆ ಕರೆಯಿತು. ಸಂತೋಷದಿಂದ ಪುಟ ತೆರೆದು ನೋಡಿದರೆ, ದೂರದರ್ಶಿ ನಾಯಕನ ಕೆಳಗೇ ಕತ್ತಲೆಗೆ ಅಳುವ ಹುಡುಗ ನಿಂತಿದ್ದ. ಗಾಜಪ್ಪನವರ ಕಿವಿ ಕೆಂಪಾಯಿತು. ಅಳಿಸುವ ಬಗೆ ತಿಳಿಯದು, ಭಾವಮೈದುನನ ಫೋನು ಸಿಗದು. ಗಾಬರಿಯಲ್ಲಿ ದೊಡ್ಡಮ್ಮನ ಮಾತಿನ ಕೆಳಗೆ ತಾವೇ ಬರೆದುಬಿಟ್ಟರು: 'ಈ ಮಹಿಳೆ ಯಾರೆಂದು ನನಗೆ ತಿಳಿಯದು. ಬೇರೆ ಯಾರಿಗೋ ಬರೆದದ್ದು ತಪ್ಪಿ ಇಲ್ಲಿಗೆ ಬಂದಂತಿದೆ.'

ಮರುದಿನ ಅವರು ಸಂದರ್ಶನಕ್ಕೆಂದು ಶೂಸು ಕಟ್ಟುತ್ತಿದ್ದಾಗ ಹೆಂಡತಿ ಹೊಲಿಗೆ ನಿಲ್ಲಿಸಿದಳು.

"ದೊಡ್ಡಮ್ಮ ಫೋನ್ ಮಾಡಿದ್ರು."

"ಏನಂದ್ರು?"

"ನೀವು ಬರೆದದ್ದನ್ನ ಪಕ್ಕದ ಮನೆಯವಳು ಓದಿ ಹೇಳಿದ್ಳಂತೆ. 'ಕೆಲಸ ಸಿಗಬೇಕಾದ್ರೆ ಹಾಗೆ ಬರೀಬೇಕೇನಮ್ಮ?' ಅಂತ ಕೇಳಿದ್ರು."

"ನೀನೇನಂದೆ?"

"ಹೂಂ ಅಂದೆ. ಇನ್ನೇನು ಹೇಳ್ಲಿ, ನೀವೇ ಹೇಳಿಕೊಡಿ."

ಗಾಜಪ್ಪನವರು ಶೂಸಿನ ದಾರವನ್ನೇ ಬಹಳ ಹೊತ್ತು ನೋಡುತ್ತಿದ್ದರು. ಗಂಟು ಸರಿಯಾಗಿಯೇ ಇತ್ತು.

ಸಂದರ್ಶನದ ಕೋಣೆಯಲ್ಲಿ ಮೇಜಿನ ಆಚೆ ಒಬ್ಬ ಮಹಿಳಾ ಅಧಿಕಾರಿ, ಅವರ ಪಕ್ಕದಲ್ಲಿ ಉಗ್ರಾಣದ ಹಿರಿಯ ಗುಮಾಸ್ತರು ಕುಳಿತಿದ್ದರು. ಗಾಜಪ್ಪನವರು ಉದ್ದ ತೋಳಿನ ಕೋಟಿನೊಳಗೆ ಕೈ ಮುದುಡಿಕೊಂಡು ಕುಳಿತರು.

"ಈ ದೂರದರ್ಶಿ ನಾಯಕ ಎಲ್ಲಾರ ಪುಟದಲ್ಲೂ ಇದ್ದಾನೆ," ಎಂದರು ಅಧಿಕಾರಿ. "ನಾವು ನಿಮ್ಮನ್ನ ಕರೆದದ್ದು ಲೋಟದ ವಿಷಯ ಓದಿ. ನಮ್ಮ ಉಗ್ರಾಣದಲ್ಲಿ ದಿನಾ ಏನಾದ್ರೂ ಒಡೆಯುತ್ತೆ. ಕೇಳಿದ್ರೆ ಒಬ್ಬರೂ ಒಪ್ಪಿಕೊಳ್ಳಲ್ಲ. ಅಲ್ವೇನ್ರೀ?"

ಗುಮಾಸ್ತರು ಛಾವಣಿ ನೋಡಿದರು.

"ಆದ್ರೆ ಬೆಳಿಗ್ಗೆ ನೋಡಿದ್ರೆ ಅದನ್ನ ಬರೆದವರು ಯಾರೋ ಗೊತ್ತಿಲ್ಲ ಅಂತ ನೀವೇ ಬರೆದಿದ್ದೀರಿ. ಯಾರೋ ಗೊತ್ತಿಲ್ಲದವರ ಮಾತು ನಂಬಿ ನಾನು ಹೇಗೆ ಕೆಲಸ ಕೊಡ್ಲಿ?"

ಗಾಜಪ್ಪನವರು ಬಾಯಿ ತೆರೆದರು. ಅಷ್ಟರಲ್ಲಿ ಅಧಿಕಾರಿ ದೊಡ್ಡಮ್ಮ ಬರೆಸಿದ್ದ ನಂಬರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಾಗಿತ್ತು.

"ಅಮ್ಮ, ಲೋಟದ ಕಂಪೆನಿಯಿಂದ ಮಾತಾಡ್ತಿರೋದು. ನೀವು ಬರೆದಿದ್ದೀರಲ್ಲ, ಆ ಹುಡುಗ ನಿಮಗೆ ಏನಾಗಬೇಕು?"

ಆ ಕಡೆಯಿಂದ ಪಾಠ ಒಪ್ಪಿಸುವ ಧ್ವನಿಯಲ್ಲಿ ಉತ್ತರ ಬಂತು.

"ಏನೂ ಆಗಬೇಕಿಲ್ಲ ತಾಯಿ. ನನಗೆ ಅವನು ಗೊತ್ತೇ ಇಲ್ಲ. ಮುಖಾನೂ ನೋಡಿಲ್ಲ."

"ಹೌದಾ?"

"ಹೌದು ತಾಯಿ. ಆದ್ರೆ ತುಂಬಾ ಒಳ್ಳೆ ಹುಡುಗ. ಬೆಳಿಗ್ಗೆ ಏನಾದ್ರೂ ತಿಂದಿದ್ದಾನಾ ಸ್ವಲ್ಪ ಕೇಳಿ. ಖಾಲಿ ಹೊಟ್ಟೇಲಿ ಹೋದ್ರೆ ಅವನಿಗೆ ತಲೆನೋವು ಬರುತ್ತೆ."

ಗುಮಾಸ್ತರು ಕೆಮ್ಮಿಕೊಂಡರು. ಗಾಜಪ್ಪನವರಿಗೆ ಕೋಟಿನ ತೋಳಿನೊಳಗೆ ಇಡೀ ಮೈ ಅಡಗಿಸಿಕೊಳ್ಳಬಹುದಾಗಿದ್ದರೆ ಎನ್ನಿಸಿತು. ಅಧಿಕಾರಿ ಫೋನನ್ನು ಅವರ ಮುಂದಕ್ಕೆ ಸರಿಸಿದರು.

"ಇವರು ಯಾರು ಅಂತ ನೀವೇ ಹೇಳಿ. ಹೇಳಿದ್ರೆ ಸೋಮವಾರದಿಂದ ಬನ್ನಿ. ಇಲ್ಲದಿದ್ರೆ ಬೇಡ."

ಗಾಜಪ್ಪನವರು ಫೋನಿನ ಮೇಲೆ ಬಾಗಿದರು. ಕಣ್ಣು ಮಂಜಾಗಿ ಫೋನಿನ ಅಂಚೂ ಕಾಣಲಿಲ್ಲ.

"ದೊಡ್ಡಮ್ಮ, ನಾನು. ನನ್ನನ್ನ ಸಾಕಿದೋಳು ನೀನು. ಗೊತ್ತಿಲ್ಲ ಅಂತ ಬರೆದದ್ದು ಸುಳ್ಳು. ತಪ್ಪಾಯ್ತು."

ದೊಡ್ಡಮ್ಮ ತಮ್ಮ ಧ್ವನಿಯನ್ನು ಸಾಧ್ಯವಾದಷ್ಟು ತಗ್ಗಿಸಿದರು. ಆ ಪಿಸುಮಾತು ಕೋಣೆಯ ಮೂಲೆ ಮೂಲೆಗೂ ಕೇಳಿಸಿತು.

"ಸುಮ್ನಿರೋ ದಡ್ಡ. ಪಕ್ಕದಲ್ಲೇ ಆಫೀಸರಮ್ಮ ಇದ್ದಾರೆ. ನಾನು ಇಷ್ಟು ಹೊತ್ತು ಎಷ್ಟು ಚೆನ್ನಾಗಿ ಸುಳ್ಳು ಹೇಳಿದ್ದೀನಿ."